ಕುನೆಶ್ ಕೊಡದ ಮೊಳೆಯ ದುಡ್ಡು

ವಿಡಿಯೋ ಆಟ ಶುರುವಾಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅಷ್ಟರಲ್ಲೇ ಒಬ್ಬ ಕುಡುಕನ ಕೈಯಲ್ಲಿ ಗುದ್ದು ತಿಂದು ಅವನ ಮನೆಯ ಮುಂದಿನ ಮಣ್ಣಿನಲ್ಲಿ ಬಿದ್ದಿದ್ದೆ. ಅವನ ಹೆಸರು ಕುನೆಶ್. ನನ್ನಪ್ಪ, ಅಂದರೆ ಆಟದೊಳಗಿನ ಅಪ್ಪ, ಆ ಊರಿನ ಕಮ್ಮಾರ. ಕುನೆಶ್ ಅವನಿಂದ ಕೊಡಲಿ, ಸುತ್ತಿಗೆ, ಮೊಳೆ ಎಲ್ಲವನ್ನೂ ಒಯ್ದು ದುಡ್ಡು ಕೊಡದೆ ಕುಳಿತಿದ್ದಾನೆ. ವಸೂಲಿಗೆ ಮಗನನ್ನು ಅಟ್ಟಲಾಗಿದೆ. ಅದುವರೆಗೆ ನಾನು ಆಡಿದ ಆಟಗಳಲ್ಲೆಲ್ಲ ಮೊದಲ ಅರ್ಧ ಗಂಟೆಯೊಳಗೆ ಹತ್ತಾರು ಜನರನ್ನು ಉರುಳಿಸಿರುತ್ತಿದ್ದೆ. ಇಲ್ಲಿ ಮೊಳೆಯ ಸಾಲ ಕೇಳಲು ಹೋಗಿ ಹಲ್ಲು ಮುರಿಸಿಕೊಂಡಂತಾಯಿತು.

"ಏನಂತೆ ಅವನದು?" ಎಂದರು ಅಪ್ಪ. ಇವರು ನಿಜವಾದ ಅಪ್ಪ, ನನ್ನ ಹಿಂದೆ ದಿವಾನದ ಮೇಲೆ ಕುಳಿತವರು.

"ಮೊಳೆ ಒಯ್ದಿದ್ದಾನೆ. ದುಡ್ಡು ಕೊಡುವುದಿಲ್ಲವಂತೆ."

"ಕೊಡುವುದಿಲ್ಲ," ಎಂದರು ಅಪ್ಪ, ತಾವೂ ಆ ಊರಿನವರೇ ಎಂಬಂತೆ. "ರಾಶಿ ಮನೆ ಸೇರಿದ ಮೇಲೆ ಯಾವನು ಕೊಡುತ್ತಾನೆ? ಕಣದಲ್ಲೇ ಕೇಳಬೇಕಿತ್ತು."

ಇದು 2023ರ ಸೆಪ್ಟೆಂಬರ್ ತಿಂಗಳ ಮಾತು. ಮಳೆ ನಿಂತ ಒಂದು ಸಂಜೆ ನೀರು ತುಂಬಿದ್ದ ಗುಂಡಿಯನ್ನು ರಸ್ತೆಯೆಂದೇ ತಿಳಿದು ಸ್ಕೂಟರ್ ಇಳಿಸಿದ್ದೆ. ಎಡಗಾಲಿನ ಪಾದದ ಗಂಟು ಮುರಿಯಿತು. ಆರು ವಾರ ಪ್ಲಾಸ್ಟರ್. ಕಚೇರಿಯ ಕೆಲಸ ಮನೆಯಿಂದಲೇ. ಲಗ್ಗೆರೆಯ ನಮ್ಮ ಮನೆಯ ನಡುಮನೆಯಲ್ಲಿ, ಒಂದು ಕುರ್ಚಿಯ ಮೇಲೆ ನಾನು, ಇನ್ನೊಂದರ ಮೇಲೆ ಕಾಲು. ಅಕ್ಕನ ಮಗಳು ನೋಡಲು ಬಂದವಳು ಕಿತ್ತಳೆ ಹಣ್ಣಿನ ಜೊತೆಗೆ ಈ ಆಟದ ಹೆಸರನ್ನೂ ಕೊಟ್ಟು ಹೋದಳು: ಕಿಂಗ್‌ಡಮ್ ಕಮ್: ಡೆಲಿವರೆನ್ಸ್. ಅವಳು ಎಂಜಿನಿಯರಿಂಗ್ ಓದುತ್ತಾಳೆ, ಆಟದಲ್ಲಿ ಕಳ್ಳತನ ಮಾಡುತ್ತಾಳೆ. "ಮಾಮ, ಮೊದಲ ಹತ್ತು ಗಂಟೆ ಬೈದುಕೊಂಡೇ ಆಡಬೇಕು," ಎಂದು ಮೊದಲೇ ಎಚ್ಚರಿಸಿದ್ದಳು.

ಜೆಕ್ ದೇಶದ ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಮಾಡಿದ ಆಟವಿದು. 2014ರಲ್ಲಿ ಅವರು ಜನರ ಮುಂದೆ ಕೈಚಾಚಿ 3 ಲಕ್ಷ ಪೌಂಡ್ ಕೇಳಿದರು; 11 ಲಕ್ಷ ಪೌಂಡಿಗೂ ಹೆಚ್ಚು ಬಂತು. ಆಟ ಬಿಡುಗಡೆಯಾದದ್ದು 2018ರ ಫೆಬ್ರವರಿಯಲ್ಲಿ. ಡ್ರ್ಯಾಗನ್ ಇಲ್ಲ, ಮಂತ್ರದಂಡವಿಲ್ಲ. ಇರುವುದು 1403ರ ಬೊಹೀಮಿಯಾ, ಅಂದರೆ ಇಂದಿನ ಜೆಕ್ ನಾಡು. ದೊಡ್ಡ ದೊರೆ ನಾಲ್ಕನೇ ಚಾರ್ಲ್ಸ್ 1378ರಲ್ಲಿ ತೀರಿಕೊಂಡಿದ್ದಾನೆ. ಪಟ್ಟಕ್ಕೆ ಬಂದ ಮಗ ವೆನ್ಸೆಸ್ಲಾಸ್ ಆಳ್ವಿಕೆಗಿಂತ ಬೇಟೆ, ಕುಡಿತಗಳಲ್ಲಿ ಮುಳುಗಿದವನು. ಅವನ ಮಲತಮ್ಮ, ಹಂಗೇರಿಯ ದೊರೆ ಸಿಗಿಸ್ಮಂಡ್, ಅಣ್ಣನನ್ನೇ ಸೆರೆಹಿಡಿದು ನಾಡಿನ ಮೇಲೆ ದಂಡೆತ್ತಿ ಬಂದಿದ್ದಾನೆ. ಇತ್ತ ನಮ್ಮಲ್ಲಿ ಆ ವರ್ಷ ವಿಜಯನಗರದಲ್ಲಿ ಎರಡನೇ ಹರಿಹರ, ಕಲಬುರಗಿಯಲ್ಲಿ ಫಿರೋಜ್ ಷಾ. ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಲು ಇನ್ನೂ 134 ವರ್ಷ ಬಾಕಿ. ಈ ಲೆಕ್ಕ ಹಾಕಿದ್ದು ಯಾಕೆಂದು ನನಗೇ ಗೊತ್ತಿಲ್ಲ. ಕಾಲು ಮುರಿದವನಿಗೆ ಸಮಯ ಹೆಚ್ಚು.

ಕಥಾನಾಯಕ ಹೆನ್ರಿ, ಸ್ಕಾಲಿಟ್ಸ್ ಎಂಬ ಹಳ್ಳಿಯ ಕಮ್ಮಾರನ ಮಗ. ಸಿಗಿಸ್ಮಂಡನ ದಂಡು ಊರನ್ನು ಸುಡುತ್ತದೆ, ತಂದೆತಾಯಿ ಕಣ್ಣೆದುರೇ ಹತರಾಗುತ್ತಾರೆ. ಹೆನ್ರಿ ಓಡುತ್ತಾನೆ. ಗಮನಿಸಿ, ಹೋರಾಡುವುದಿಲ್ಲ, ಓಡುತ್ತಾನೆ. ಆಮೇಲೆ ಅವರನ್ನು ಮಣ್ಣು ಮಾಡಲು ಹಿಂತಿರುಗಿದಾಗ ರಂಟ್ ಎಂಬ ದಾಂಡಿಗನ ಕೈಯಲ್ಲಿ ಏಟು ತಿಂದು, ತಂದೆ ಮಾಡಿದ ಕೊನೆಯ ಕತ್ತಿಯನ್ನೂ ಕಳೆದುಕೊಂಡು, ರಾಟಾಯ್ ಊರಿನ ಹೊರಗಿನ ಗಿರಣಿಯೊಂದರಲ್ಲಿ ಹಾಸಿಗೆ ಹಿಡಿಯುತ್ತಾನೆ. ಅವನೂ ಹಾಸಿಗೆಯಲ್ಲಿ, ನಾನೂ ಹಾಸಿಗೆಯಲ್ಲಿ. ಅಲ್ಲಿಂದ ಮುಂದೆ ನಮ್ಮಿಬ್ಬರ ನಂಟು ಗಟ್ಟಿಯಾಯಿತು.

ಅಪ್ಪನ ಮಾತಿಗೆ ಬರುತ್ತೇನೆ. ನಮ್ಮದು ಮಾಗಡಿ ಕಡೆಯ ಹಳ್ಳಿ. ತಾತ ಕುಲುಮೆಯವರು. ಗುಳ, ಗುದ್ದಲಿ, ಮಚ್ಚು, ಕುಡುಗೋಲು ಎಲ್ಲವೂ ಅವರ ಕೈಯಿಂದಲೇ ಊರಿಗೆ ಹೋಗಬೇಕು. ಕೂಲಿ ದುಡ್ಡಿನಲ್ಲಿ ಅಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಗಿ ರಾಶಿಯಾದಾಗ ಕಮ್ಮಾರನಿಗೆ ಇಷ್ಟು, ಅಗಸನಿಗೆ ಇಷ್ಟು ಎಂದು ಅಳೆದು ಕೊಡುವ ಆಯ. ಕಣದಲ್ಲಿ ಕೇಳಿ ತರುವ ಕೆಲಸ ಅಪ್ಪನದು, ಹತ್ತು ಹನ್ನೆರಡು ವರ್ಷದ ಹುಡುಗನದು. ತಪ್ಪಿಸಿಕೊಳ್ಳುವವರು, "ನಾಳೆ ಬಾ" ಎನ್ನುವವರು, ನಾಯಿ ಬಿಡುವವರು ಎಲ್ಲರೂ ಇದ್ದರಂತೆ. ನಾನು ಇದನ್ನೆಲ್ಲ ಮೊದಲ ಸಲ ಕೇಳಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಜೆಕ್ ದೇಶದ ಒಬ್ಬ ಕುಡುಕನ ದೆಸೆಯಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಕುಲುಮೆ ಬಿಟ್ಟು ಪೀಣ್ಯಕ್ಕೆ ಬಂದರು. ಮೊದಲು ಲೇತ್, ಆಮೇಲೆ ನಿವೃತ್ತಿಯವರೆಗೂ ಟೂಲ್ ಗ್ರೈಂಡಿಂಗ್. ನಾನು ಕೀಲಿಮಣೆ ಒತ್ತುತ್ತೇನೆ. ಮೂರು ತಲೆಮಾರಿನಲ್ಲಿ ಕಬ್ಬಿಣ ಹೀಗೆ ಕರಗಿತು.

ಆಟದಲ್ಲಿ ಸಾಣೆಕಲ್ಲು ಇದೆ. ಕತ್ತಿ ಮೊಂಡಾದರೆ ಕಮ್ಮಾರನ ಅಂಗಡಿಯಲ್ಲಿ ಕುಳಿತು ನೀವೇ ಸಾಣೆ ಹಿಡಿಯಬಹುದು. ಕಾಲಿನಿಂದ ತುಳಿದು ಕಲ್ಲು ತಿರುಗಿಸಬೇಕು, ಅದೇ ಹೊತ್ತಿಗೆ ಅಲಗನ್ನು ಸರಿಯಾದ ಓರೆಯಲ್ಲಿ ತಾಗಿಸಿ ಉದ್ದಕ್ಕೂ ಸರಿಸಬೇಕು. ಓರೆ ಸರಿಯಿದ್ದರೆ ಕಿಡಿ ಹಾರುತ್ತದೆ; ತಪ್ಪಿದರೆ ಹರಿತವಾಗುವ ಬದಲು ಕತ್ತಿ ಹಾಳಾಗುತ್ತದೆ. ನಮ್ಮ ಬೀದಿಗೆ ಮೊದಲೆಲ್ಲ ಸೈಕಲ್ಲಿನ ಹಿಂದೆ ಕಲ್ಲು ಕಟ್ಟಿಕೊಂಡು, ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿಯುತ್ತಾ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು ಬರುತ್ತಿದ್ದನಲ್ಲ, ಅದೇ ಭಂಗಿ.

ಮೊದಲ ಸಲ ನಾನು ಹಿಡಿದದ್ದನ್ನು ನೋಡಿ ಅಪ್ಪ ಪೇಪರ್ ಕೆಳಗಿಟ್ಟರು.

"ಒತ್ತಬೇಡ. ತಾಗಿಸು ಅಷ್ಟೆ."

"ಅಪ್ಪ, ಇದು ಬರೀ ಗುಂಡಿ ಒತ್ತುವುದು."

"ಗುಂಡಿಯೋ ಏನೋ. ನೀನು ಕಿಡಿ ನೋಡುತ್ತಾ ಕುಳಿತಿದ್ದೀಯ. ಕಿಡಿ ಆಮೇಲೆ. ಮೊದಲು ಸದ್ದು ಬದಲಾಗುತ್ತದೆ, ಕೇಳು."

ಟಿವಿಯ ಸದ್ದು ಹೆಚ್ಚಿಸಿದೆ. ಹೌದು, ಅಲಗು ಸರಿಯಾಗಿ ಕುಳಿತಾಗ ಕಲ್ಲಿನ ಗೊರಗೊರ ಹೋಗಿ ಒಂದೇ ಎಳೆಯ, ತೆಳುವಾದ ಸದ್ದು ಬರುತ್ತಿತ್ತು. ನಾನು ಅಷ್ಟು ದಿನ ಕೇಳಿರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು "ಹಾಂ... ಹಾಂ... ಈಗ ತಪ್ಪಿತು" ಎನ್ನುತ್ತಾ ಹೋದರು. ತಪ್ಪಿದ್ದು ನಿಜವೇ ಆಗಿರುತ್ತಿತ್ತು. ಪೀಣ್ಯದಲ್ಲಿ ಹೊಸ ಹುಡುಗರು ಟೂಲನ್ನು ಅವಸರದಲ್ಲಿ ಗ್ರೈಂಡರಿಗೆ ಒತ್ತಿಹಿಡಿದು ತುದಿ ನೀಲಿ ಮಾಡಿಬಿಡುತ್ತಿದ್ದರಂತೆ. "ನೀಲಿ ಬಂತೆಂದರೆ ಹದ ಹೋಯಿತು. ಆಮೇಲೆ ಎಷ್ಟು ಹರಿತ ಮಾಡಿದರೂ ಎರಡು ಸಲ ಕತ್ತರಿಸುವಷ್ಟರಲ್ಲಿ ಮೊಂಡು." ಇಷ್ಟು ಹೇಳಿ ಮತ್ತೆ ಪೇಪರ್ ಎತ್ತಿಕೊಂಡರು. ಸಾಣೆ ಹಿಡಿಯುವಾಗಲೆಲ್ಲ ಅದನ್ನು ಮತ್ತೆ ಕೆಳಗಿಡುತ್ತಿದ್ದರು.

ಆಟದ ನಿಜವಾದ ಹಟ ಇರುವುದು ಇಲ್ಲೇ. ಹೆನ್ರಿಗೆ ಏನೂ ಬರುವುದಿಲ್ಲ, ಎಲ್ಲವನ್ನೂ ಕಲಿಯಬೇಕು. ಆಡುವವನೂ ಅವನ ಜೊತೆಗೆ ಕಲಿಯಬೇಕು. ಕತ್ತಿವರಸೆಯನ್ನೇ ತೆಗೆದುಕೊಳ್ಳಿ. ಎದುರಾಳಿಯ ಮೈಮೇಲೆ ನಕ್ಷತ್ರದ ಆಕಾರದ ಒಂದು ಗುರುತು ಬರುತ್ತದೆ: ಐದು ದಿಕ್ಕಿನಿಂದ ಬೀಸಬಹುದು, ನಡುವಿಗೆ ತಿವಿಯಬಹುದು. ಎರಡೇ ಏಟಿಗೆ ಹೆನ್ರಿಯ ಉಸಿರು ಕಟ್ಟುತ್ತದೆ. ಇಬ್ಬರು ಎದುರಾದರೆ ಕಷ್ಟ, ಮೂವರಾದರೆ ಓಡುವುದೇ ಸರಿ. ರಾಟಾಯ್ ಕೋಟೆಯ ಬಳಿ ಬರ್ನಾರ್ಡ್ ಎಂಬ ಕ್ಯಾಪ್ಟನ್ ಮರದ ಕತ್ತಿ ಕೊಟ್ಟು ತಾಲೀಮು ಮಾಡಿಸುತ್ತಾನೆ. ಶತ್ರುವಿನ ಏಟು ಬೀಳುವ ಮುನ್ನ ಕಣ್ಣು ಮಿಟುಕಿಸುವಷ್ಟು ಹೊತ್ತು ಹಸಿರು ಗುರಾಣಿಯ ಚಿಹ್ನೆ ಕಾಣುತ್ತದೆ, ಆಗ ತಡೆಯಬೇಕು. ನಾನು ಕಥೆಯನ್ನು ಬದಿಗಿಟ್ಟು ನಾಲ್ಕು ಸಂಜೆ ಬರ್ನಾರ್ಡನ ಹತ್ತಿರ ಪೆಟ್ಟು ತಿಂದೆ. ಐದನೆಯ ಸಂಜೆ ಅವನ ಏಟನ್ನು ಸತತ ಮೂರು ಸಲ ತಡೆದಾಗ ಆದ ಸಂತೋಷ ಬೇರೆ ಆಟಗಳಲ್ಲಿ ರಾಕ್ಷಸರನ್ನು ಕೊಂದಾಗಲೂ ಆಗಿರಲಿಲ್ಲ.

ಓದೂ ಹಾಗೆಯೇ. ಹೆನ್ರಿ ನಿರಕ್ಷರಿ. ಪುಸ್ತಕ ತೆರೆದರೆ ಪ್ರತಿಯೊಂದು ಪದದೊಳಗೆ ಅಕ್ಷರಗಳು ಅದಲುಬದಲಾಗಿರುತ್ತವೆ. 'ಕುಲುಮೆ' ಎಂದಿರಬೇಕಾದಲ್ಲಿ 'ಲುಮೆಕು' ಎಂದಿದ್ದಂತೆ ಅಂದುಕೊಳ್ಳಿ. ಉಷಿಟ್ಸ್ ಊರಿನ ಲಿಪಿಕಾರನಿಗೆ ದುಡ್ಡು ಕೊಟ್ಟು ಕಲಿಯಬೇಕು, ಆಮೇಲೂ ಓದಿ ಓದಿ ರೂಢಿ ಮಾಡಿಕೊಳ್ಳಬೇಕು. ರೂಢಿಯಾದಂತೆ ಒಂದೊಂದೇ ಪದ ನೆಟ್ಟಗಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಭೌತಶಾಸ್ತ್ರದ ಇಂಗ್ಲಿಷ್ ಪುಸ್ತಕ ಮೊದಲ ಮೂರು ತಿಂಗಳು ನನಗೆ ಕಂಡದ್ದು ಹೀಗೆಯೇ. ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಹೆನ್ರಿಯ ಮೊದಲ ಪುಟ ನೋಡಿದಾಗ ಹೊಟ್ಟೆಯಲ್ಲಿ ಹಳೆಯ ಸಂಕಟವೇ ಎದ್ದಿತು.

ಇನ್ನು ಎಲ್ಲರೂ ಬೈಯುವ ವಿಷಯ: ಆಟವನ್ನು ಉಳಿಸಿಕೊಳ್ಳುವುದು, ಅಂದರೆ ಆಡಿದಷ್ಟನ್ನು ಸೇವ್ ಮಾಡುವುದು. ಬೇಕೆಂದಾಗ ಉಳಿಸಲು ಸೇವಿಯರ್ ಷ್ನಾಪ್ಸ್ ಎಂಬ ಮದ್ಯ ಕುಡಿಯಬೇಕು. ಅದು ದುಬಾರಿ. ಸ್ವಂತ ಅಥವಾ ಬಾಡಿಗೆಯ ಹಾಸಿಗೆಯಲ್ಲಿ ಮಲಗಿದರೆ, ಕಥೆಯ ಕೆಲವು ಘಟ್ಟ ದಾಟಿದರೆ ತಾನಾಗಿ ಉಳಿಯುತ್ತದೆ. ಆಟ ಮುಚ್ಚಿ ಹೊರಬರುವಾಗಲೂ ಉಳಿಸಬಹುದು. ಇಲ್ಲದಿದ್ದರೆ ಇಲ್ಲ. ಒಂದು ರಾತ್ರಿ ಕಾಡಿನಲ್ಲಿ ಮೂವರು ದರೋಡೆಕೋರರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಿ, ಹೇಗೋ ಮುಗಿಸಿ, ಅವರ ಸರಪಳಿ ಅಂಗಿ, ಶಿರಸ್ತ್ರಾಣಗಳನ್ನೆಲ್ಲ ಹೇರಿಕೊಂಡು, ಭಾರಕ್ಕೆ ಓಡಲಾಗದೆ ಹೆಜ್ಜೆ ಹೆಜ್ಜೆಯಾಗಿ ರಾಟಾಯ್ ಕಡೆ ನಡೆಯುತ್ತಿದ್ದೆ. ಊರಿನ ದೀಪ ಕಾಣುತ್ತಿತ್ತು. ಗುಡುಗಿತು. ಗುಡುಗಿದ್ದು ಬೊಹೀಮಿಯಾದಲ್ಲಿ ಎಂದುಕೊಂಡೆ. ಅಲ್ಲ, ಲಗ್ಗೆರೆಯಲ್ಲಿ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಎರಡು ಗಂಟೆಯ ದುಡಿಮೆ ಮಣ್ಣುಪಾಲು.

ಮಾರನೆಯ ದಿನದಿಂದ ನಾನು ಸೊಪ್ಪು ಕೀಳಲು ಕಲಿತೆ. ಷ್ನಾಪ್ಸ್ ನೀವೇ ಕಾಯಿಸಿಕೊಳ್ಳಬಹುದು: ದ್ರಾಕ್ಷಾರಸ, ಮೈಗೆ ತಾಗಿದರೆ ತುರಿಸುವ ನೆಟಲ್ ಸೊಪ್ಪು, ಜೊತೆಗೆ ನಮ್ಮಲ್ಲಿ ಹೋಮಿಯೋಪತಿ ಗುಳಿಗೆಯ ಹೆಸರಾಗಿ ಮಾತ್ರ ಗೊತ್ತಿರುವ ಬೆಲಡೋನಾ. ಸೊಪ್ಪನ್ನು ಮರಳು ಗಡಿಯಾರ ನೋಡಿಕೊಂಡು ಕುದಿಸಬೇಕು, ಬೆಲಡೋನಾ ಅರೆದು ಹಾಕಬೇಕು, ಭಟ್ಟಿ ಇಳಿಸಬೇಕು. ಅಮ್ಮ ಇದನ್ನು ನೋಡಿ, "ಕಾಲು ಮುರಿದವನು ಇಲ್ಲಿ ಕಷಾಯ ಕುಡಿ ಎಂದರೆ ಕುಡಿಯುವುದಿಲ್ಲ, ಅಲ್ಲಿ ಕಾಯಿಸುತ್ತಾ ಕುಳಿತಿದ್ದಾನೆ" ಎಂದಳು. ಉತ್ತರವಿರಲಿಲ್ಲ.

ನನ್ನ ಕಚೇರಿಯ ಗೆಳೆಯನೊಬ್ಬ ಈ ಆಟವನ್ನು ನಾಲ್ಕು ಗಂಟೆ ಆಡಿ ಬಿಟ್ಟವನು. ಅವನ ದೂರು ಸರಳ: "ಇಡೀ ದಿನ ಕೆಲಸ ಮಾಡಿ ಮನೆಗೆ ಬಂದು ಇನ್ನೊಂದು ಕೆಲಸಕ್ಕೆ ಸೇರಿದಂತಾಯಿತು. ಹಸಿವೆಯಾಗುತ್ತದೆ, ನಿದ್ದೆ ಬರುತ್ತದೆ, ಚೀಲದಲ್ಲಿಟ್ಟ ಊಟ ಹಳಸುತ್ತದೆ, ಸ್ನಾನ ಮಾಡದಿದ್ದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಇದಕ್ಕೆ ಆಟ ಬೇಕೇ?" ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅಕ್ಕನ ಮಗಳು ಮಾತ್ರ ಇದೇ ಪಟ್ಟಿಯನ್ನು ಹೊಗಳಿಕೆಯಾಗಿ ಹೇಳುತ್ತಾಳೆ. ಅವಳಿಗೆ ಅತ್ಯಂತ ಇಷ್ಟವಾದದ್ದು ಜನರಿಗಿರುವ ದಿನಚರಿ: ಬೆಳಗ್ಗೆ ಏಳುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಸಂಜೆ ಪಾನಗೃಹ, ರಾತ್ರಿ ಮನೆ. ಕಳ್ಳಿಗೆ ಇದಕ್ಕಿಂತ ಹೆಚ್ಚೇನು ಬೇಕು? ನನಗೆ ಮೆಚ್ಚಿಗೆಯಾದದ್ದು ಶಿರಸ್ತ್ರಾಣ. ಮೊದಲು ಬಟ್ಟೆಯ ಟೋಪಿ, ಅದರ ಮೇಲೆ ಸರಪಳಿ, ಅದರ ಮೇಲೆ ಕಬ್ಬಿಣ; ಮುಖಕವಚ ಇಳಿಸಿದರೆ ಜಗತ್ತು ಒಂದು ಸೀಳು. ಮಳೆಯಲ್ಲಿ ಪೂರ್ತಿ ಮುಖದ ಹೆಲ್ಮೆಟ್ ಹಾಕಿ, ಗಾಜು ಮಂಜಾಗಿ, ವರ್ತುಲ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಆ ಸೀಳಿನ ಭಯ ಗೊತ್ತು. ಗುಂಡಿ ಕಾಣದೆ ಬಿದ್ದವನಂತೂ ಅದನ್ನು ಮರೆಯುವುದಿಲ್ಲ.

ನೆಲದ ವಿಸ್ತಾರ ಸುಮಾರು 16 ಚದರ ಕಿಲೋಮೀಟರ್ ಅಷ್ಟೆ, ಹದಿನಾರು ಲಾಲ್‌ಬಾಗ್ ಎನ್ನಬಹುದು. ಆದರೆ ಕುದುರೆಯ ಮೇಲೆ ಕಾಡುದಾರಿಯಲ್ಲಿ ಹೋಗುವಾಗ ಅದು ತಾಲ್ಲೂಕಿನಷ್ಟು ದೊಡ್ಡದೆನಿಸುತ್ತದೆ. ಈ ಊರುಗಳೆಲ್ಲ ನಿಜಕ್ಕೂ ಪ್ರಾಗ್‌ನ ಆಗ್ನೇಯಕ್ಕೆ ಸಾಜಾವಾ ನದಿಯ ಸುತ್ತಮುತ್ತ ಇವೆ.

ಎರಡು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಉಷಿಟ್ಸ್‌ನ ಪಾದ್ರಿ ಗಾಡ್ವಿನ್ ಜೊತೆ ಏನೋ ವಿಚಾರಿಸಲು ಹೋಗಿ ರಾತ್ರಿಯಿಡೀ ಕುಡಿದು ಕುಣಿದು, ಬೆಳಗ್ಗೆ ತಲೆ ಎತ್ತಲಾಗದ ಪಾದ್ರಿಯ ಬದಲು ಚರ್ಚಿನಲ್ಲಿ ನಾನೇ ಪ್ರವಚನ ಮಾಡಬೇಕಾಯಿತು. ಚರ್ಚನ್ನು ಟೀಕಿಸಿದ್ದಕ್ಕೆ 1415ರಲ್ಲಿ ಸುಟ್ಟುಹಾಕಲಾಗುವ ಜೆಕ್ ಪಾದ್ರಿ ಯಾನ್ ಹುಸ್‌ನ ವಿಚಾರಗಳು ಆಗಿನ್ನೂ ಇಂಥ ಹಳ್ಳಿ ಚರ್ಚುಗಳಲ್ಲಿ ಪಿಸುಮಾತು. ಕುಡುಕ ಪಾದ್ರಿಯ ಬಾಯಲ್ಲಿ ಅದು ಬರುವುದು ಚೆನ್ನಾಗಿದೆ. ಇನ್ನೊಂದು ಸಾಸಾವ್ ಮಠ. ಅಲ್ಲಿ ಅಡಗಿದ ಒಬ್ಬನನ್ನು ಹುಡುಕಲು ನೀವೂ ಸನ್ಯಾಸಿಯಾಗಿ ಸೇರಬೇಕು. ಕತ್ತಿ, ಕವಚ, ದುಡ್ಡು ಎಲ್ಲ ಒಪ್ಪಿಸಿ ಒಳಗೆ ಹೋದರೆ ಗಂಟೆ ಹೊಡೆದಾಗ ಏಳಬೇಕು, ಪ್ರಾರ್ಥನೆಗೆ ನಿಲ್ಲಬೇಕು, ಹೇಳಿದ ಕೆಲಸ ಮಾಡಬೇಕು. ತಪ್ಪಿ ಅಲೆದಾಡಿದರೆ ಏಕಾಂತ ಸೆರೆ. ಬಹಳ ಜನ ಇದನ್ನು ಆಟದ ಅತಿ ಬೇಸರದ ಭಾಗ ಎನ್ನುತ್ತಾರೆ. ಆ ವಾರ ನನ್ನ ಪ್ಲಾಸ್ಟರಿನೊಳಗೆ ತುರಿಕೆ ಶುರುವಾಗಿತ್ತು, ಸ್ಕೇಲ್ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಮಠದ ನಿಯಮ ನನಗೆ ಹೊಸದೆನಿಸಲಿಲ್ಲ.

ಆದರೆ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಆಟ ನನ್ನ ಕೈಬಿಟ್ಟಿತು. ಐವತ್ತು ಗಂಟೆ ಕಳೆದಿತ್ತು. ಹೆನ್ರಿ ತಲೆಯಿಂದ ಕಾಲಿನವರೆಗೆ ಉಕ್ಕು ತೊಟ್ಟಿದ್ದ. ಎದುರಾಳಿಯ ಏಟನ್ನು ತಡೆದು ಅದೇ ಉಸಿರಿನಲ್ಲಿ ತಿರುಗಿಸಿ ಹೊಡೆಯುವ ಒಂದು ಪಟ್ಟು ಬರ್ನಾರ್ಡ್ ಕಲಿಸಿದ್ದ, ಅದೊಂದೇ ಎಲ್ಲರಿಗೂ ಸಾಕಾಗುತ್ತಿತ್ತು. ಮೊದಲು ಮೂವರನ್ನು ಕಂಡು ಓಡುತ್ತಿದ್ದವನು ಈಗ ಐವರ ನಡುವೆ ಆಕಳಿಸುತ್ತಾ ನಿಲ್ಲುತ್ತಿದ್ದ. ಹೂವು ಸೊಪ್ಪು ಕಿತ್ತು ಕಿತ್ತು ತೋಳಿನ ಬಲ ಬೆಳೆಸಿಕೊಳ್ಳುವ ವಿಚಿತ್ರವೂ ಇಲ್ಲಿದೆ; ಹಾಗಿದ್ದರೆ ಕೆ.ಆರ್. ಮಾರುಕಟ್ಟೆಯ ಹೂವಾಡಗಿತ್ತಿಯರೆಲ್ಲ ಜಟ್ಟಿಗಳಾಗಬೇಕಿತ್ತು. ದುಡ್ಡು ಕೊಳೆಯುವಷ್ಟಾಯಿತು. ಕುನೆಶನ ಮೊಳೆಯ ಬಾಕಿ ಎಷ್ಟಿತ್ತೆಂಬುದೇ ಮರೆತುಹೋಗಿತ್ತು. ನನ್ನ ಮಟ್ಟಿಗೆ ಈ ಆಟದ ಸೊಗಸು ಮೊದಲ ಹದಿನೈದು ಇಪ್ಪತ್ತು ಗಂಟೆಗಳ ಬಡತನದಲ್ಲಿದೆ. ಇನ್ನೊಂದು ಕೊರತೆ ಅಪ್ಪ ಮೊದಲ ದಿನವೇ ಹೇಳಿದ್ದರು: ಕಮ್ಮಾರನ ಮಗ ಇಡೀ ಆಟದಲ್ಲಿ ಸಾಣೆ ಹಿಡಿಯುತ್ತಾನೆಯೇ ಹೊರತು ಒಂದು ಮೊಳೆಯನ್ನೂ ಬಡಿಯುವುದಿಲ್ಲ.

ಆ ವರ್ಷ ಆಯುಧಪೂಜೆಯಲ್ಲಿ ಅಪ್ಪ ತಮ್ಮ ಹಳೆಯ ಮೈಕ್ರೋಮೀಟರ್, ತಾತನ ಇಕ್ಕಳಗಳ ಜೊತೆ ನನ್ನ ಆಟದ ಕಂಟ್ರೋಲರಿಗೂ ಕುಂಕುಮ ಇಟ್ಟರು. ಗುಂಡಿಗಳ ಸಂದಿನಲ್ಲಿ ಅದು ಇನ್ನೂ ಇದೆ.

2025ರ ಫೆಬ್ರವರಿಯಲ್ಲಿ ಎರಡನೆಯ ಭಾಗ ಬಂತು. ಎಸ್.ಪಿ. ರಸ್ತೆಗೆ ಹೋಗಿ, ನಾಲ್ಕು ಅಂಗಡಿ ಅಲೆದು ಚೌಕಾಸಿ ಮಾಡಿ, ಹೊಸ ಗ್ರಾಫಿಕ್ಸ್ ಕಾರ್ಡ್ ತಂದೆ. ಬೆಳ್ಳಿ ಗಣಿಗಳ ಕುಟೆನ್‌ಬರ್ಗ್ ನಗರ ಇದರಲ್ಲಿದೆ, ಕಥೆ ದೊಡ್ಡದು, ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು. ಇಲ್ಲಿ ಹೇಳಬೇಕಾದದ್ದು ಒಂದೇ: ಈ ಸಲ ಕುಲುಮೆಯಿದೆ. ತಿದಿ ಒತ್ತಿ ಕಬ್ಬಿಣ ಕಾಯಿಸಬೇಕು, ಕೆಂಪು ಹಳದಿಗೆ ತಿರುಗಿದಾಗ ಅಡಿಗಲ್ಲಿನ ಮೇಲಿಟ್ಟು ಲಯ ತಪ್ಪದೆ ಬಡಿಯಬೇಕು, ಆರಿದರೆ ಮತ್ತೆ ಬೆಂಕಿಗೆ. ಏಟು ಸರಿಯಾಗಿ ಬೀಳುತ್ತಿದ್ದರೆ ಹೆನ್ರಿ ಸಿಳ್ಳೆ ಹಾಕುತ್ತಾನೆ.

ಅಪ್ಪನನ್ನು ಕೂಗಿದೆ. ಬಂದು ನಿಂತುಕೊಂಡೇ ನೋಡಿದರು. ಕಬ್ಬಿಣದ ಬಣ್ಣ ಒಪ್ಪಿದರು. ಆಮೇಲೆ ಕೇಳಿದರು:

"ತಿದಿ ಯಾರು ಒತ್ತುತ್ತಾರೆ?"

"ಅವನೇ."

"ಬಡಿಯುವವನು?"

"ಅವನೇ, ಅಪ್ಪ."

"ಒಬ್ಬನೇ ಹೇಗಾಗುತ್ತದೆ? ನಿನ್ನ ಅಜ್ಜಿ ತಿದಿ ಒತ್ತುತ್ತಿದ್ದಳು. ದೊಡ್ಡ ಸುತ್ತಿಗೆ ನನ್ನದು. ತಾತ ಸಣ್ಣ ಸುತ್ತಿಗೆಯಲ್ಲಿ ಟಿಣ್ ಎಂದು ತೋರಿಸಬೇಕು, ತೋರಿಸಿದ ಜಾಗಕ್ಕೆ ನಾನು ಹಾಕಬೇಕು. ಬಾಯಲ್ಲಿ ಮಾತಿಲ್ಲ."

ದಿವಾನದ ಮೇಲೆ ಕುಳಿತು ಟೀಪಾಯಿಯ ಮೇಲಿದ್ದ ಚಮಚ ತೆಗೆದುಕೊಂಡರು. ಸ್ಟೀಲ್ ಲೋಟಕ್ಕೆ ಟಿಣ್ ಎಂದು ಒಮ್ಮೆ ತಟ್ಟಿ ನನ್ನ ಕಡೆ ನೋಡಿದರು. ನಾನು ಗುಂಡಿ ಒತ್ತಿದೆ. ಟಿಣ್. ಒತ್ತಿದೆ. ಟಿಣ್. ನಾಲ್ಕನೆಯದಕ್ಕೆ ತಡವಾಯಿತು, ಅವರು ಏನೂ ಹೇಳದೆ ಎರಡು ಸಲ ಬೇಗ ಬೇಗ ತಟ್ಟಿದರು, ಅಂದರೆ ನಿಲ್ಲಿಸು, ಮತ್ತೆ ಕಾಯಿಸು ಎಂದು. ಕಾಯಿಸಿದೆ. ಕುದುರೆಯ ಲಾಳ ಬಾಗುತ್ತಾ ಬಂತು. ಹೆನ್ರಿಯ ಸಿಳ್ಳೆ ಕೇಳಿ ಅಡುಗೆಮನೆಯಿಂದ ಅಮ್ಮ, "ಅದ್ಯಾರದು ಮನೆಯೊಳಗೆ ಸಿಳ್ಳೆ ಹಾಕುತ್ತಿರುವುದು?" ಎಂದು ಕೂಗಿದಳು.